ಮಾನ್ಯಖೇಟದ ಸಂಖ್ಯಾಮಾಲೆ

ತಾಂಡೂರಿನಿಂದ ವಾಡಿಯ ಕಡೆಗೆ ರೈಲಿನಲ್ಲಿ ಹೋಗುವ ನಮ್ಮವರು ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಕಂಡೇ ಇರುತ್ತಾರೆ. ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ (ಕ್ರಿ.ಶ. ೮೧೪–೮೭೮) ಹೆಸರೆತ್ತಿದೊಡನೆ ‘ಕವಿರಾಜಮಾರ್ಗ’ವನ್ನು ನೆನೆಯುವುದು ಕನ್ನಡ ಪಂಡಿತರಾದ ನಮ್ಮ ರೂಢಿ. ಅದೇ ಅರಸನನ್ನು ಸ್ತುತಿಸಿ, ಸುಮಾರು ೮೫೦ರಲ್ಲಿ ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನೆಂಬುದನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಹೇಳದೆಯೇ ಬಿಟ್ಟೆವು. ಗಣಿತವು ನಮ್ಮ ಪಾಲಿನದಲ್ಲವೆಂಬ ಉದಾಸೀನವೇ ಇದಕ್ಕೆ ಕಾರಣ. ಕನ್ನಡನಾಡಿನಲ್ಲಿ ಕಾವ್ಯವುಂಟು, ಲೆಕ್ಕವಿಲ್ಲವೆಂದು ಗಡಿಯ ಮಕ್ಕಳು ಭಾವಿಸಿದರೆ ತಪ್ಪು ಅವರದಲ್ಲ.

ಗ್ರಂಥವು ಸಂಸ್ಕೃತದಲ್ಲಿದೆ, ನಿಜ. ಅದರಲ್ಲಿ ಆಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಡುತ್ತಾನೆ. ಗುಣಾಕಾರದ ಪ್ರಕರಣದಲ್ಲಿ ಕೆಲವು ಗುಣಲಬ್ಧಗಳನ್ನು ಕೊರಳ ಹಾರಗಳಂತೆ ಪೋಣಿಸುತ್ತಾನೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಬರುವುದು ೧೨೩೪೫೬೫೪೩೨೧. ಒಂದರಿಂದ ಆರಕ್ಕೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದರ ಗುಟ್ಟೇನು? ೪೪೧ ಎಂಬುದು ೨೧ರ ವರ್ಗ. ಇನ್ನೊಂದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಎಂದರೆ ಹಾರವು ಆರು ಒಂದುಗಳ ವರ್ಗವೇ ಆಯಿತು. ೧೧೧೧೧೧ನ್ನು ಆರು ಸಾಲುಗಳಲ್ಲಿ ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ ನಡುವಿನ ಕಂಬದಲ್ಲಿ ಆರು ಒಂದುಗಳು, ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ಕಡಮೆ. ಎಲ್ಲಿಯೂ ದಶಕವಿಲ್ಲವಾದುದರಿಂದ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ: ೧೨೩೪೫೬೭೮೯೮೭೬೫೪೩೨೧. ಹತ್ತನೆಯ ಒಂದನ್ನು ಸೇರಿಸಿದೊಡನೆ ದಶಕ ಬಂದು ನೂಲು ಹರಿಯುತ್ತದೆ.

ಇಂಥ ಮಣಿಗಳು ಅಲ್ಲಿ ಇನ್ನೂ ಉಂಟು. ೧೪೨೮೫೭೧೪೩ × ೭ = ೧೦೦೦೦೦೦೦೦೧; ೧೫೨೨೦೭ × ೭೩ = ೧೧೧೧೧೧೧೧. ಆಚಾರ್ಯನದೆಲ್ಲವೂ ಸರಿಯೆಂದಲ್ಲ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದ ಮಾತು ತಪ್ಪು. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಗಲೇ ಹೇಳಿದವನೂ ಅವನೇ.

ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದುದು ಹನ್ನೆರಡನೆಯ ಶತಮಾನದಲ್ಲಿ. ಮಹಾವೀರನ ಮೂಲವನ್ನು ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು.

ಕಳೆದ ವರ್ಷ ಈ ಗುಣಾಕಾರವನ್ನು ಹಲಗೆಯ ಮೇಲೆ ಬರೆದೆವು. ಉತ್ತರ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಬಲದಿಂದ ಎಡಕ್ಕೆ ಗಟ್ಟಿಯಾಗಿ ಓದಿದಳು. ಪಕ್ಕದ ತೆಲುಗು ವಿಭಾಗದ ಮಕ್ಕಳು ಕಿಟಕಿಯ ಬಳಿ ಬಂದು ನಿಂತು, ತಮ್ಮ ನುಡಿಯಲ್ಲಿಯೂ ಅದನ್ನು ಎಣಿಸತೊಡಗಿದರು. ಮಲ್ಲನನ ಹೆಸರನ್ನು ಅವರಿಗೆ ಹೇಳಿದೆವು.