ನೀರೊಳಗಿನ ದಣ್ಣಾಯಕನ ಕೋಟೆ

ಹಾಸನೂರಿನಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಬಣ್ಣಾರಿಯನ್ನು ದಾಟಿದರೆ ಭವಾನಿಸಾಗರ ಜಲಾಶಯ ಸಿಗುತ್ತದೆ. ದಣ್ಣಾಯಕನ ಕೋಟೆಯೆಂಬ ಊರು ಅದರೊಳಗೆ ಮುಳುಗಿದೆ.

ಮೋಯಾರ್-ಭವಾನಿ ಸಂಗಮದ ಬಳಿಯ ಈ ಕೋಟೆಯು ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ ದಂಡನಾಯಕರ ನೆಲೆಯಾಗಿತ್ತು. ಅವರಲ್ಲಿ ಮಾಧವ ದಂಡನಾಯಕನ ಹೆಸರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಯೊಡನೆಯೂ ಸೇರಿದೆ. ಕೋಟೆಯ ದೇಗುಲದ ದೇವರು ಮಾಧವರಾಯ ಪೆರುಮಾಳ್. ಮೈಸೂರಿನಿಂದ ಕೊಯಮತ್ತೂರಿಗೆ ಇಳಿಯುವ ಗಜಲಹಟ್ಟಿ ಕಣಿವೆಗೆ ಇದು ಹತ್ತಿರ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೇನೆ ಆ ಕಣಿವೆಯಲ್ಲೇ ಇಳಿದು ಸತ್ಯಮಂಗಲದಲ್ಲಿ ಆಂಗ್ಲರನ್ನು ಎದುರಿಸಿತು.

1948ರಲ್ಲಿ ಆರಂಭವಾದ ಅಣೆಕಟ್ಟು 1955ರಲ್ಲಿ ಮುಗಿಯಿತು. ಬಯಲಿನ ಒಣಭೂಮಿ ಹಸಿರಾಯಿತು. ಕೋಟೆಯೂರಿನವರು ಮನೆಮಠ ತೊರೆದರು. ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ದೇಗುಲದ ಕಂಬಗಳು ಕಾಣುತ್ತವೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡ ನುಡಿಯುವ ನಮ್ಮ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಆ ಗಡಿಗಿಂತ ಈ ಕೋಟೆ ಆರು ಶತಮಾನ ಹಳೆಯದು. ‘ದಂಡನಾಯಕ’ ಕನ್ನಡಿಗರ ಬಾಯಲ್ಲಿ ‘ದಣ್ಣಾಯಕ’ನಾದನು, ತಮಿಳರು ಆ ಹೆಸರನ್ನೇ ತಮ್ಮದಾಗಿಸಿಕೊಂಡರು. ಕಲ್ಲು ಮುಳುಗಿದರೂ ಪದ ಉಳಿದಿದೆ. ಶತಮಾನ ಕಂಡ ಈ ಶಾಲೆಯ ಮಕ್ಕಳು ಘಾಟಿಯಿಳಿದು ಹೋಗುವಾಗ ಆ ಪದದ ಅರ್ಥವನ್ನು ಅರಿತು ಹೋಗಲಿ. ಅದನ್ನು ಕಲಿಸುವುದು ನಮ್ಮ ಹೊಣೆ.