ಎಸ್‌ಎಚ್ ಬೋರ್ಡಿನ ಹಿಂದೆ ಯಾರಿದ್ದರು?

ಲಿನಕ್ಸ್ ಜೊತೆ ಗುದ್ದಾಡಿದವರಿಗೆಲ್ಲ 'ಎಸ್‌ಎಚ್' ಗೊತ್ತಿರುತ್ತೆ. ನಾವು ಬರೆದ ಆಜ್ಞೆಗಳನ್ನ ಸಾಲುಸಾಲಾಗಿ ಓದಿ ನಡೆಸೋ ಶೆಲ್‌ಗೆ ಯುನಿಕ್ಸ್ ಕಾಲದಿಂದ ಬಂದ ಹೆಸರು. 1979ರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ಲೇ ಇದಕ್ಕೆಲ್ಲ ಮಾದರಿ. ಆದರೆ ಲಿನಕ್ಸ್‌ನಲ್ಲಿ ಬಹಳ ವರ್ಷ ಆ ಬೋರ್ಡಿನ ಹಿಂದೆ ಸಂಸಾರ ಹೂಡಿದ್ದು ಬ್ಯಾಶ್. 1989ರ ಈ ಶೆಲ್‌ನಲ್ಲಿ ಹಳೆಯದೆಲ್ಲ ಇತ್ತು, ಮೇಲೆ ನೂರೆಂಟು ಹೊಸ ಸೌಲಭ್ಯ.

ಅದೇ 1989ರಲ್ಲಿ ಕೆನೆತ್ ಆಮ್‌ಕ್ವಿಸ್ಟ್ 'ಆಶ್' ಅನ್ನೋ ಪುಟ್ಟ ಶೆಲ್ ಬರೆದರು. 1997ರಲ್ಲಿ ಹರ್ಬರ್ಟ್ ಷು ಅದನ್ನ ನೆಟ್‌ಬಿಎಸ್‌ಡಿಯಿಂದ ಲಿನಕ್ಸ್‌ಗೆ ತಂದರು. 2002ರಲ್ಲಿ ಅದು 'ಡ್ಯಾಶ್' ಆಯ್ತು. ಮೈಯಲ್ಲಿ ಬೊಜ್ಜಿಲ್ಲ, ಓಟ ಜೋರು. ಕಂಪ್ಯೂಟರ್ ಶುರುವಾಗುವಾಗ ಹತ್ತಾರು ಸ್ಕ್ರಿಪ್ಟ್ ಓಡಬೇಕಲ್ಲ, ಅಲ್ಲಿ ಸಮಯ ಉಳಿಯುತ್ತೆ ಅಂತ 2006ರ ಅಕ್ಟೋಬರ್‌ನಲ್ಲಿ ಉಬುಂಟು 6.10 ಬೋರ್ಡ್ ಹಾಗೇ ಬಿಟ್ಟು ಒಳಗಿನವರನ್ನ ಬದಲಾಯಿಸಿತು.

ಗಲಾಟೆ ಶುರುವಾಯ್ತು ನೋಡಿ! ಮೊದಲ ಸಾಲಲ್ಲಿ ಎಸ್‌ಎಚ್ ಅಂತ ಬರೆದು, ಒಳಗೆ ಬ್ಯಾಶ್‌ನ ಭಾಷೆ ಆಡೋ ಸ್ಕ್ರಿಪ್ಟ್‌ಗಳು ಲೆಕ್ಕವಿಲ್ಲದಷ್ಟಿದ್ದವು. ಪುಣೆಯಲ್ಲಿ ನಾನಿದ್ದ ಆಫೀಸಲ್ಲೂ ರಾತ್ರಿ ಬ್ಯಾಕಪ್ ಮಾಡೋ ಅಂಥದ್ದೊಂದಿತ್ತು. ಬರೆದವನು ಕೆಲಸ ಬಿಟ್ಟು ಹೈದರಾಬಾದ್ ಸೇರಿದ್ದ. ಯಂತ್ರ ಅಪ್‌ಗ್ರೇಡ್ ಆಯ್ತು, ಬ್ಯಾಕಪ್ ನಿಂತೇಹೋಯ್ತು, ಯಾರಿಗೂ ಗೊತ್ತಾಗಲಿಲ್ಲ. ಅಕೌಂಟ್ಸ್‌ನವರ ಫೈಲೊಂದು ಅಳಿಸಿಹೋದಾಗ ಹುಡುಕಿದರೆ ಮೂರು ವಾರದ್ದು ಇಲ್ಲ! ಲಾಗ್ ತೆಗೆದರೆ ಪ್ರತಿ ರಾತ್ರಿಯೂ ಒಂದೇ ದೂರು: ಇಲ್ಲಿ ಆವರಣ ಚಿಹ್ನೆ ಯಾಕೆ ಬಂತು? ಡ್ಯಾಶ್‌ಗೆ ಅರೇ ಅಂದ್ರೆ ಗೊತ್ತಿಲ್ಲ, ಪಾಪ. ಮೊದಲ ಸಾಲಲ್ಲಿ ಬ್ಯಾಶ್ ಅಂತ ತಿದ್ದಿದೆ, ಮುಗೀತು. ಹೋದ ಫೈಲ್ ಮಾತ್ರ ಬರಲಿಲ್ಲ.

"ಪೋಸಿಕ್ಸ್ ನಿಯಮ ಓದಿ, ತಪ್ಪು ಸ್ಕ್ರಿಪ್ಟ್‌ನದು" ಅಂತ ಆಗ ಬೇಕಾದಷ್ಟು ಜನ ಬೈದರು. ನಿಯಮದ ಪ್ರಕಾರ ಸರಿಯೇ. ಆದರೆ ವರ್ಷಗಟ್ಟಲೆ ನಡೆದದ್ದೇ ಜನಕ್ಕೆ ನಿಯಮ ಅಲ್ವೇ?

ಡೆಬಿಯನ್‌ನವರ ನಿಧಾನ ನನಗೆ ಹಿಡಿಸಿತು. ತಮ್ಮ ಪ್ಯಾಕೇಜ್‌ಗಳನ್ನ ಜರಡಿ ಹಿಡಿದು, ಬ್ಯಾಶ್ ಮಾತುಗಳನ್ನ ಹೆಕ್ಕೋ 'ಚೆಕ್‌ಬ್ಯಾಶಿಸಮ್ಸ್' ಸಲಕರಣೆ ಇಟ್ಟುಕೊಂಡು, 2011ರ ಸ್ಕ್ವೀಜ್‌ನಲ್ಲಷ್ಟೇ ಡ್ಯಾಶ್‌ಗೆ ಬಂದರು. ಪೋಸಿಕ್ಸ್‌ನಲ್ಲಿಲ್ಲದ 'ಲೋಕಲ್' ಸೌಲಭ್ಯವನ್ನ, ಎಲ್ಲರೂ ಬಳಸ್ತಾರೆ ಅಂತ, ತಮ್ಮ ನೀತಿಯಲ್ಲೇ ಒಪ್ಪಿಕೊಂಡರು.

ತಮಾಷೆ ಇರೋದು 'ಲೈನ್‌ನೋ'ದಲ್ಲಿ. ಎಷ್ಟನೇ ಸಾಲು ಓಡ್ತಿದೆ ಅಂತ ಹೇಳೋ ಈ ಸೌಲಭ್ಯ ಪೋಸಿಕ್ಸ್‌ನಲ್ಲೇ ಇದೆ, ಮುಂದೆ ಡ್ಯಾಶ್‌ಗೂ ಬಂತು. ಆದರೆ ಸಾಫ್ಟ್‌ವೇರ್ ಕಟ್ಟೋ 'ಕಾನ್ಫಿಗರ್' ಸ್ಕ್ರಿಪ್ಟ್‌ಗಳು ಶೆಲ್‌ನಲ್ಲಿ ಇದು ಇಲ್ಲದಿದ್ದರೆ ತಾವಾಗಿಯೇ ಬ್ಯಾಶ್‌ಗೆ ಹಾರ್ತಿದ್ದವು. ಇದ್ದರೆ ಡ್ಯಾಶ್‌ನಲ್ಲೇ ಕೂತು ಬ್ಯಾಶ್ ಮಾತಾಡಿ ಮುಗ್ಗರಿಸ್ತಿದ್ದವು. ಹಾಗಾಗಿ ಡೆಬಿಯನ್‌ನವರು ಆ ಸೌಲಭ್ಯವನ್ನ ಬೇಕಂತಲೇ ಆಫ್ ಮಾಡಿ ಡ್ಯಾಶ್ ಕಟ್ಟಿದರು.