ಮನೆಯ ಬ್ರಹ್ಮಕಮಲ: ನಮ್ಮ ಬಿಸಿಲಿನಲ್ಲಿ ಆರೈಕೆ ಹೇಗೆ?

ಕುಂಡದಿಂದ ಜೋತು ಬೀಳುವಂತೆ ಬೆಳೆದು ರಾತ್ರಿ ಹೂ ಬಿಡುವ, ಕನ್ನಡದಲ್ಲೂ ತೆಲುಗಿನಲ್ಲೂ ನಾವು ಬ್ರಹ್ಮಕಮಲ ಎನ್ನುವ ಗಿಡ ಕಳ್ಳಿಯ ಕುಟುಂಬದ್ದು. ಸಸ್ಯಶಾಸ್ತ್ರದ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಅದು ಸೂರ್ಯಕಾಂತಿಯ ಕುಟುಂಬದ್ದು, ನಮ್ಮ ಸೀಮೆಯಲ್ಲಿ ಬದುಕದು.

ಕಳ್ಳಿಯಾದರೂ ಇದು ಮರುಭೂಮಿಯದಲ್ಲ. ಕಾಡಿನ ಮರಗಳ ಕವಲುಗಳಲ್ಲಿ, ಕೊಳೆತ ತರಗೆಲೆಗಳ ನಡುವೆ ಬೇರೂರಿ ನೆರಳಿನಲ್ಲಿ ಬೆಳೆಯುವಂಥದ್ದು. ‘ಕಳ್ಳಿ ತಾನೇ’ ಎಂದು ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಬಿಟ್ಟರೆ ಗಿಡ ಸುಟ್ಟುಹೋಗುತ್ತದೆ.

ಜಾಗ: ಬೆಳಗಿನ ಎಳೆ ಬಿಸಿಲು ಬೀಳುವ ಪೂರ್ವದ ಜಗಲಿ ಅಥವಾ ಬೇವಿನ ಮರದ ನೆರಳು ಒಳ್ಳೆಯದು. ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಲ್ಲಿ ಪಡುವಣ ಬಿಸಿಲು, ಬಿಸಿಗಾಳಿ ತಾಗದಂತೆ ಹಸಿರು ಪರದೆ ಕಟ್ಟಿರಿ. ಪೂರ್ತಿ ಕತ್ತಲಲ್ಲಿಟ್ಟರೆ ಹೂ ಬಿಡದು.

ಮಣ್ಣು: ಎರೆ ಮಣ್ಣು ನೀರು ಹಿಡಿದಿಡುವುದರಿಂದ ಬೇರು ಕೊಳೆಯುತ್ತದೆ. ಕೆಮ್ಮಣ್ಣು, ದಪ್ಪ ಮರಳು, ಕಳಿತ ಎಲೆಗೊಬ್ಬರ ಸಮ ಪ್ರಮಾಣದಲ್ಲಿ ಬೆರೆಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಗಿಡಕ್ಕಿಂತ ತೀರಾ ದೊಡ್ಡ ಕುಂಡ ಬೇಡ.

ನೀರು: ಬೆರಳು ಇಟ್ಟು ನೋಡಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ಸಂಜೆ ಹೊತ್ತು ಲೇಸು. ಚಳಿಗಾಲದಲ್ಲಿ ಕಡಿಮೆ ಸಾಕು. ಬೋರಿನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಂಡರೆ ಮೇಲ್ಪದರ ತೆಗೆದು, ಮಳೆನೀರು ಸಿಕ್ಕಾಗ ಧಾರಾಳವಾಗಿ ಹಾಯಿಸಿ.

ಹೊಸ ಗಿಡ: ನಾವು ಎಲೆ ಎನ್ನುವ ಚಪ್ಪಟೆ ಭಾಗ ನಿಜವಾಗಿ ಕಾಂಡ. ಬಲಿತ ತುಂಡೊಂದನ್ನು ಗೇಣುದ್ದ ಕತ್ತರಿಸಿ, ಗಾಯ ಒಣಗಲು ನಾಲ್ಕೈದು ದಿನ ನೆರಳಲ್ಲಿಟ್ಟು, ಬುಡವನ್ನು ಎರಡು ಅಂಗುಲ ಊರಿ. ಮಳೆಗಾಲದ ಆರಂಭ ಇದಕ್ಕೆ ತಕ್ಕ ಕಾಲ. ಹೂವಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯಬೇಕು.

ಮೊಗ್ಗು ಮತ್ತು ಹೂ: ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬೇಡಿ, ಮಣ್ಣು ಪೂರ್ತಿ ಒಣಗಲು ಬಿಡಬೇಡಿ, ಮೊಗ್ಗು ಉದುರುತ್ತದೆ. ಯೂರಿಯಾದಂಥ ಸಾರಜನಕ ಗೊಬ್ಬರ ಹೆಚ್ಚಾದರೆ ಕಾಂಡ ಹಬ್ಬುತ್ತದೆ, ಹೂ ಕಡಿಮೆಯಾಗುತ್ತದೆ. ಜೋತಾಡುವ ಮೊಗ್ಗಿನ ತುದಿ ಮೇಲಕ್ಕೆ ಬಾಗಿ ಉಬ್ಬಿಕೊಂಡರೆ ಅರಳುವ ರಾತ್ರಿ ಹತ್ತಿರವಾಯಿತು. ಕತ್ತಲಾದ ಮೇಲೆ ಬಿರಿಯತೊಡಗಿ ಮಧ್ಯರಾತ್ರಿಯ ಹೊತ್ತಿಗೆ ಪೂರ್ತಿ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ನೆರೆಹೊರೆಯವರನ್ನು ಕರೆಯುವುದಿದ್ದರೆ ಸಂಜೆಯೇ ಹೇಳಿಬಿಡಿ.

ತೊಂದರೆಗಳು: ಕಾಂಡ ಹಳದಿಯಾಗಿ ಒಣ ಮಚ್ಚೆ ಬಿದ್ದರೆ ಬಿಸಿಲು ಹೆಚ್ಚಾಗಿದೆ. ಬುಡ ಮೆತ್ತಗಾದರೆ ನೀರು ಹೆಚ್ಚಾಗಿದೆ. ಆಗ ಆರೋಗ್ಯವಾಗಿರುವ ತುಂಡು ಕತ್ತರಿಸಿ ಬೇರೆ ಕುಂಡದಲ್ಲಿ ನೆಡಿ, ಗಿಡ ಉಳಿಯುತ್ತದೆ. ಬಿಳಿ ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸಿ.

ಗಿಡ ಚೆನ್ನಾಗಿರುವಾಗಲೇ ಒಂದೆರಡು ತುಂಡು ಪಕ್ಕದ ಮನೆಗೂ ಕೊಟ್ಟಿರಿ. ಮುಂದೆ ನಿಮ್ಮ ಗಿಡ ಬೇಸಿಗೆಯಲ್ಲಿ ಹೋದರೂ ಅದರ ತುಂಡು ಅಲ್ಲಿಂದ ಮರಳಿ ಸಿಗುತ್ತದೆ.